ಆಡಿನ ನಳಿ ಎಲುಬಿಗೆ ಮೆರುಗು ಬರುವ ಬಗೆ

ಖಾನಾಪುರ ಕುಂಬಾರಿಕೆಗೆ ಹೆಸರಾದ ಊರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇರುವುದೂ ಅಲ್ಲಿಯೇ. ಅರೆ ಒಣಗಿದ ಮಡಕೆಯ ಮೈಯನ್ನು ನುಣುಪಾದ ಕಲ್ಲಿನಿಂದಲೋ ಎಲುಬಿನಿಂದಲೋ ತಿಕ್ಕಿದರೆ ಮಣ್ಣಿನ ಕಣಗಳು ಒತ್ತಾಗಿ ಕೂತು, ಬಣ್ಣ ಬಳಿಯದೆಯೇ ಹೊಳಪು ಬರುತ್ತದೆ. ಪುಸ್ತಕ ಕಟ್ಟುವವರು ಕಾಗದ ಮಡಚಿ ಗೀರಲು ಬಳಸುವುದೂ ಇಂಥದ್ದೇ ಎಲುಬಿನ ಪಟ್ಟಿ. ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಕೆತ್ತುವುದಕ್ಕೆ ಒಂದು ಸಂಜೆ ಸಾಕು, ಜಿಡ್ಡು ಬಿಡಿಸುವುದಕ್ಕೆ ವಾರಗಳು ಬೇಕು. ಅವಸರ ಮಾಡಿದವರ ಎಲುಬು ಕೆಡುವುದು ಆ ಹಂತದಲ್ಲೇ.

ಬೆಳಗಾವಿಯ ಮಟನ್ ಅಂಗಡಿಗಳಲ್ಲಿ ಕುರಿ, ಆಡಿನ ಕಾಲು ಸುಲಭವಾಗಿ ಸಿಗುತ್ತದೆ. ಆದರೆ ಸೂಪಿಗೆಂದು ಕೂದಲು ಸುಟ್ಟು ಕೊಡುವ ಕಾಲು ನಮಗೆ ಬೇಡ; ಬೆಂಕಿ ತಾಗಿದ ಎಲುಬು ಬಿರಿಯುತ್ತದೆ. “ಕಾಕಾ, ಸುಡಬ್ಯಾಡ್ರಿ, ಕಡೀಬ್ಯಾಡ್ರಿ, ಇಡೀದ ಕೊಡ್ರಿ” ಎಂದು ಮೊದಲೇ ಹೇಳಿಬಿಡಿ. ಗೊರಸಿನ ಮೇಲಿನ ನೇರ ನಳಿಯೇ ಬೇಕಾದದ್ದು. ಅದರ ಮುಂಭಾಗವನ್ನು ಬೆರಳಿನಿಂದ ಸವರಿದರೆ ಉದ್ದಕ್ಕೂ ಒಂದು ಸಣ್ಣ ತೋಡು ತಾಗುತ್ತದೆ. ಭ್ರೂಣದಲ್ಲಿ ಎರಡಾಗಿದ್ದ ಎಲುಬು ಕೂಡಿ ಒಂದಾದ ಗುರುತು ಅದು. ಶಿಲಾಯುಗದ ಜನ ಈ ತೋಡು ಹಿಡಿದೇ ಎಲುಬು ಸೀಳಿ ದಬ್ಬಣ ಮಾಡುತ್ತಿದ್ದರು.

ಖಾನಾಪುರದ ಕಾಡಂಚಿನಲ್ಲಿ ಸಿಕ್ಕ ಎಲುಬು, ಕೊಂಬನ್ನು ಮಾತ್ರ ಮುಟ್ಟಬೇಡಿ. ಭೀಮಗಡ ಅಭಯಾರಣ್ಯದ ಜಿಂಕೆ ತಾನಾಗಿ ಉದುರಿಸಿದ ಕೊಂಬನ್ನು ಮನೆಗೆ ತಂದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಹೊಲದಲ್ಲಿ ಸತ್ತು ಬಿದ್ದ ದನ, ಕುರಿಯ ಎಲುಬೂ ಬೇಡ. ನೆರಡಿ (ಆಂಥ್ರಾಕ್ಸ್) ರೋಗದಿಂದ ಸತ್ತಿದ್ದರೆ ಆ ರೋಗಾಣು ದಶಕಗಟ್ಟಲೆ ಬದುಕಿರಬಲ್ಲದು.

ಎಲುಬಿನ ತೂಕದಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಪಾಲು ಸುಣ್ಣದಂಶದ ಖನಿಜ. ಉಳಿದದ್ದರಲ್ಲಿ ಬಹುಪಾಲು ಕೊಲಾಜೆನ್ ಎಂಬ ನಾರು. ಗಟ್ಟಿತನ ಖನಿಜದ್ದು, ಮುರಿಯದೆ ತಾಳುವ ಗುಣ ನಾರಿನದು. ಕೊತಕೊತ ಕುದಿಸಿದರೆ ಈ ನಾರು ಕರಗಿ ಅಂಟಾಗಿ ನೀರಿಗಿಳಿಯುತ್ತದೆ, ಎಲುಬು ಪುಡಿಪುಡಿಯಾಗುತ್ತದೆ. ಬಟ್ಟೆಗೆ ಹಾಕುವ ಬ್ಲೀಚು ಸಹ ನಾರನ್ನೇ ತಿನ್ನುತ್ತದೆ.

ಆದ್ದರಿಂದ ಕೈಗವಸು ಹಾಕಿಕೊಂಡು ಮಾಂಸ ಕೆರೆದು, ನೀರಲ್ಲಿ ಹಾಕಿ ಕುದಿ ಬರದ ಸಣ್ಣ ಉರಿಯಲ್ಲಿಟ್ಟು, ಉಳಿದ ನರ, ಪೊರೆ ಸುಲಿಯಿರಿ. ಎರಡೂ ತುದಿಯ ಗಿಣ್ಣನ್ನು ಹ್ಯಾಕ್ಸಾದಿಂದ ಕೊಯ್ದು ತಂತಿಯಿಂದ ಮಜ್ಜೆ ತಳ್ಳಿ ತೆಗೆಯಿರಿ. ಬಳಿಕ ಪಾತ್ರೆ ತೊಳೆಯುವ ಸೋಪು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿ, ನೀರು ಮಬ್ಬಾದಾಗಲೆಲ್ಲ ಬದಲಿಸಿ. ಒಣಗಿದ ಮೇಲೂ ಹಳದಿ ಕಲೆ ಎಣ್ಣೆ ತಾಗಿದ ಕಾಗದದಂತೆ ಕಂಡರೆ ಜಿಡ್ಡು ಇನ್ನೂ ಇದೆ, ಮತ್ತೆ ನೆನೆಹಾಕಬೇಕು. ಬಿಳುಪಿಗೆ ಔಷಧ ಅಂಗಡಿಯ 6 ಪ್ರತಿಶತ ಹೈಡ್ರೋಜನ್ ಪೆರಾಕ್ಸೈಡ್‌ಗೆ ಅಷ್ಟೇ ನೀರು ಬೆರೆಸಿ ಒಂದೆರಡು ದಿನ ಇಟ್ಟರಾಯಿತು. ಡಬ್ಬಿಯ ಮುಚ್ಚಳ ಬಿಗಿಯಬಾರದು, ಒಳಗೆ ಅನಿಲ ಹುಟ್ಟುತ್ತದೆ. ಒಣಗಿಸುವುದು ನೆರಳಲ್ಲಿ. ಖಾನಾಪುರದ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ, ಏಪ್ರಿಲ್ ಬಿಸಿಲಿಗೆ ಸೀಳುತ್ತದೆ. ದೀಪಾವಳಿ ಕಳೆದ ಮೇಲಿನ ಒಣಹವೆಯೇ ಇದಕ್ಕೆ ಒಳ್ಳೆಯದು.

ಕೊಯ್ಯುವ ಮೊದಲು ಕೆಲವು ಗಂಟೆ ನೀರಲ್ಲಿಟ್ಟರೆ ಗರಗಸ ಸಲೀಸಾಗಿ ಓಡುತ್ತದೆ, ಧೂಳೂ ಕಡಿಮೆ ಏಳುತ್ತದೆ. ಈ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು; ಎನ್-95 ಮಾಸ್ಕ್ ತಪ್ಪಿಸಬೇಡಿ. ತೋಡಿನ ಗುಂಟ ಉದ್ದಕ್ಕೆ ಸೀಳಿ, ಅರದಿಂದ ಅಂಚು ಉರುಟಾಗಿಸಿ. ತೂತು ಹಾಕುವಾಗ ಕೂದಲು ಸುಟ್ಟ ವಾಸನೆ ಬಂದರೆ ಎಲುಬು ಕಾಯುತ್ತಿದೆ ಎಂದರ್ಥ. ಡ್ರಿಲ್ ನಿಲ್ಲಿಸಿ ನೀರು ಹನಿಸಿ. 120, 220, 400, 1000 ನಂಬರಿನ ಪಾಲಿಶ್ ಪೇಪರ್‌ನಿಂದ ನೀರು ಹಾಕುತ್ತಾ ತಿಕ್ಕಿ. ಯಾವ ನಂಬರನ್ನೂ ಹಾರಿಸಬೇಡಿ, ಉಳಿದ ಗೀರು ಹಸಿಮಣ್ಣಿನ ಮೇಲೆ ಅಚ್ಚೊತ್ತುತ್ತದೆ. ಕೊನೆಗೆ ಒದ್ದೆ ಬಟ್ಟೆಗೆ ಸೀಮೆಸುಣ್ಣದ ಪುಡಿ ಹಚ್ಚಿ ಉಜ್ಜಿದರೆ ಮೆರುಗು ಏಳುತ್ತದೆ. ಕುಂಬಾರಿಕೆಗೆ ಬಳಸಿದ ಪಟ್ಟಿಯನ್ನು ಆಗಲೇ ಒರೆಸಿಡಿ. ರಾತ್ರಿಯಿಡೀ ನೀರಲ್ಲಿ ಬಿಟ್ಟರೆ ಮೈ ಒರಟಾಗಿ ಮತ್ತೆ 400ರಿಂದ ತಿಕ್ಕಬೇಕಾಗುತ್ತದೆ.