ಸಮುದ್ರ ಟೆಂಪೋ ಹತ್ತಿತು!

ಮನೆ ಬದಲಿಸುತ್ತಿದ್ದೀರಿ. ಮಂಚ, ಬೀರು, ಫ್ರಿಜ್ಜು ಎಲ್ಲವೂ ಟೆಂಪೋ ಹತ್ತಿವೆ. ಹಾಲಿನ ಮೂಲೆಯಲ್ಲಿ ಒಂದು ಸಾಮಾನು ಉಳಿದಿದೆ. ಸಮುದ್ರ!

ಚಿಕ್ಕದೇ ಬಿಡಿ. ಎರಡಡಿ ಉದ್ದದ ಗಾಜಿನ ಟ್ಯಾಂಕು. 60 ಲೀಟರ್ ಉಪ್ಪುನೀರು, ಎರಡು ಕ್ಲೌನ್ ಮೀನು, ಒಂದಿಷ್ಟು ಕಲ್ಲು, ಮರಳು. ಈಗ ಊಹಿಸಿ: ಆ ನೀರಲ್ಲಿ ಉಪ್ಪು ಎಷ್ಟಿದೆ? ಒಂದು ಹಿಡಿ? ಒಂದು ಬಟ್ಟಲು?

ಎರಡು ಕಿಲೋ! ಅದಕ್ಕೂ ತುಸು ಹೆಚ್ಚೇ. ಲೀಟರಿಗೆ 35 ಗ್ರಾಂ ಲೆಕ್ಕ, ಥೇಟ್ ಕಡಲಿನಲ್ಲಿ ಇರುವಷ್ಟೇ.

ನೀರಿನ ತೂಕವೇ 61 ಕಿಲೋ ದಾಟುತ್ತದೆ. ನಾಲ್ಕು ಜನ ಕೈಹಾಕಿ ತುಂಬಿದ ಟ್ಯಾಂಕನ್ನೇ ಎತ್ತಿಬಿಡೋಣ ಅಂದಿರಾ? ಬೇಡ, ದಮ್ಮಯ್ಯ! ಗಾಜುಗಳನ್ನು ಹಿಡಿದಿಟ್ಟಿರುವುದು ಸಿಲಿಕೋನ್ ಅಂಟು. ಎತ್ತುವಾಗ ಒಂದು ಮೂಲೆ ವಾಲಿದರೂ ಅಂಟು ಬಿಟ್ಟೀತು. ಆಮೇಲೆ ಸಮುದ್ರ ನಿಮ್ಮ ಕಾಲಡಿ!

ಹಾಗಾದರೆ ಬಿಚ್ಚಲೇಬೇಕು. ಬಿಚ್ಚುವ ಮೊದಲು ಇನ್ನೊಂದು ಸವಾಲು. ಇಷ್ಟರಲ್ಲಿ ಯಾವುದು ಹಾಳಾದರೆ ಇಡೀ ಟ್ಯಾಂಕೇ ಹಾಳು? ನೀರು ಅಂತೀರಾ? ಹಳೇ ನೀರಿನ ಬಹುಪಾಲು ಚೆಲ್ಲಿ ಹೊಸದು ಕಲಸಿ ಹಾಕಿ. ಉಪ್ಪು, ಬಿಸಿ ಎರಡೂ ಸರಿಹೊಂದಿದರೆ ಮೀನಿನದೇನೂ ತಕರಾರಿಲ್ಲ. ಮರಳು? ಎಸೆದರೂ ನಡೆದೀತು.

ಕಲ್ಲು ಸ್ವಾಮಿ, ಕಲ್ಲು!

ಹೌದು, ಯಾರ ಕಣ್ಣಿಗೂ ಬೀಳದೆ ಹಿಂದೆ ಕೂತಿರುವ ಆ ತೂತುತೂತು ಕಲ್ಲು! ಮೀನು ಉಸಿರಾಡುತ್ತಲೇ ಕಿವಿರಿನಿಂದ ಅಮೋನಿಯಾ ಬಿಡುತ್ತಿರುತ್ತದೆ. ತನ್ನ ವಿಷದಲ್ಲಿ ತಾನೇ ಈಜುವ ಜೀವ ಅದು! ಆ ವಿಷವನ್ನು ತಿಂದೇ ಬದುಕುವ ಸೂಕ್ಷ್ಮಜೀವಿಗಳಿವೆ ಎಂದರೆ ನಂಬುತ್ತೀರಾ? ಸೂರ್ಯನ ಬೆಳಕು ಬೇಡ, ಅನ್ನ ಬೇಡ. ಅಮೋನಿಯಾವೇ ಅವುಗಳ ಊಟ! 1890ರ ಹೊತ್ತಿಗೆ ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿ ಇದನ್ನು ತೋರಿಸಿಕೊಟ್ಟರು. ಅಂಥ ಜೀವಿಗಳಲ್ಲಿ ಬಹುಪಾಲು ನೀರಿನಲ್ಲಿ ತೇಲುವುದಿಲ್ಲ, ಕಲ್ಲಿಗೆ ಅಂಟಿಕೊಂಡಿರುತ್ತವೆ. ಹೊರಮೈಯಲ್ಲಿ ಆಮ್ಲಜನಕ ಬೇಕೆನ್ನುವ ಒಂದು ಪಂಗಡ. ಒಳಗಿನ ಕತ್ತಲ ತೂತುಗಳಲ್ಲಿ ಅದಿಲ್ಲದೆಯೇ ಬದುಕುವ ಇನ್ನೊಂದು ಪಂಗಡ!

ಈ ಗುಟ್ಟು ನೆಚ್ಚಿಕೊಂಡು ಜಕಾರ್ತಾದ ಲೀ ಚಿನ್ ಎಂಗ್ ಎಂಬ ಹವ್ಯಾಸಿ ಬರಿಯ ಜೀವಂತ ಕಲ್ಲು, ಒಂದಿಷ್ಟು ಗಾಳಿಗುಳ್ಳೆ ಇಟ್ಟುಕೊಂಡು ಕಡಲ ಜೀವಿಗಳನ್ನು ಸಾಕಿದರು. 1961ರಲ್ಲಿ ಅದನ್ನು ಬರೆದು ಜಗತ್ತಿಗೇ ಹೇಳಿದರು. (ಇದನ್ನೋದಿ ನೇತ್ರಾಣಿ ದ್ವೀಪದಿಂದ ಹವಳದ ಕಲ್ಲು ಕಿತ್ತು ತರುವ ಆಸೆ ಬೇಡ! ಹವಳಕ್ಕೆ ಕೈಹಾಕುವುದು ವನ್ಯಜೀವಿ ಕಾಯ್ದೆಯಡಿ ಅಪರಾಧ. ಕೃತಕ ಕಲ್ಲಿನ ಮೇಲೂ ಈ ಜೀವಿಗಳು ಖುಷಿಯಾಗಿ ಸಂಸಾರ ಹೂಡುತ್ತವೆ.)

ಆದ್ದರಿಂದ ಕಲ್ಲು ಒಣಗಕೂಡದು! ಒಣಗಿತೋ, ಅದರಲ್ಲಿದ್ದುದೆಲ್ಲ ಸತ್ತು ಕೊಳೆಯುತ್ತದೆ. ವಿಷ ತಿನ್ನುತ್ತಿದ್ದ ಕಲ್ಲೇ ವಿಷ ಉಗುಳತೊಡಗುತ್ತದೆ. ಹಳೇ ಟ್ಯಾಂಕಿನ ನೀರು ತುಂಬಿದ ಬಕೆಟ್ಟಿನಲ್ಲಿ ಅದನ್ನು ಮುಳುಗಿಸಿಡಿ. ದಾರಿ ದೂರವಿದ್ದರೆ ಬ್ಯಾಟರಿಯ ಏರ್ ಪಂಪ್ ಹಾಕಿ. ಕಲ್ಲಿಗೂ ಉಸಿರು ಬೇಕು!

ಕಲ್ಲು ತೆಗೆದಿರಾ? ಈಗ ಮೀನು ಹಿಡಿಯುವುದು ಸಲೀಸು. ಅಡಗಲು ಜಾಗವೇ ಇಲ್ಲ! ಎರಡರಲ್ಲಿ ದೊಡ್ಡದು ಯಾವುದು ನೋಡಿ. ಅದು ಹೆಣ್ಣು. ಮೊದಲು ಅದು ಏನಾಗಿತ್ತು ಗೊತ್ತೇ? ಗಂಡು! ಕ್ಲೌನ್ ಮೀನುಗಳಲ್ಲಿ ಯಾವುದೂ ಹೆಣ್ಣಾಗಿ ಹುಟ್ಟುವುದಿಲ್ಲ. ಹೆಣ್ಣು ಸತ್ತರೆ ಅದರ ಜೋಡಿ ಗಂಡೇ ಹೆಣ್ಣಾಗುತ್ತದೆ. ಕ್ಲೌನ್ ಮೀನಿನ ಕಥೆ ಹೇಳಿದ ನೀಮೋ ಸಿನಿಮಾದವರು ಇದನ್ನು ಹೇಗೆ ಮುಚ್ಚಿಟ್ಟರು ನೋಡಿ!

ಮರಳಿನ ತಳದಲ್ಲಿ ಕಪ್ಪು ಪಟ್ಟಿ ಕಂಡಿತೇ? ಕೊಳೆತ ಮೊಟ್ಟೆಯ ವಾಸನೆ ಬಂತೇ? ಹೈಡ್ರೋಜನ್ ಸಲ್ಫೈಡ್! ಮೀನು ಇನ್ನೂ ಒಳಗಿರುವಾಗ ಅದನ್ನು ಕೆದಕಬೇಡಿ.

ಇನ್ನು ಮೀನಿನ ಚೀಲ. ಕಟ್ಟಿದ ಚೀಲದಲ್ಲಿ ಗಂಟೆಗಟ್ಟಲೆ ಇದ್ದ ಮೀನು ಯಾವಾಗ ಹೆಚ್ಚು ಅಪಾಯದಲ್ಲಿ? ದಾರಿಯಲ್ಲಿ? ಟ್ರಾಫಿಕ್ಕಿನಲ್ಲಿ? ಗಂಟು ಬಿಚ್ಚಿದ ಮೇಲೆ! ಮೀನು ಉಸಿರುಬಿಟ್ಟ ಇಂಗಾಲದ ಡೈಆಕ್ಸೈಡ್ ಒಳಗೇ ಉಳಿದು ನೀರಿನ ಪಿಎಚ್ (ಆಮ್ಲೀಯತೆಯ ಅಳತೆ) ಇಳಿಸುತ್ತದೆ. ಪಿಎಚ್ ಒಂದು ಅಂಕ ಇಳಿದರೆ ಅಮೋನಿಯಾದ ವಿಷರೂಪ ಹೆಚ್ಚುಕಡಿಮೆ ಹತ್ತನೇ ಒಂದು ಭಾಗಕ್ಕೆ ಕುಸಿಯುತ್ತದೆ! ಕೊಳೆಯಾದ ನೀರೇ ಮೀನನ್ನು ಕಾಯುತ್ತಿದೆ! ಚೀಲ ಬಿಚ್ಚಿದಿರಿ, ಅನಿಲ ಹಾರಿತು, ಪಿಎಚ್ ಏರಿತು, ವಿಷ ತಿರುಗಿ ಬಂತು. ಅದಕ್ಕೇ ದೂರ ಬಂದ ಚೀಲವನ್ನು ತೆರೆದಿಟ್ಟು ಕಾಫಿಗೆ ಹೋಗಬೇಡಿ. ಹೊಸ ಮನೆಯಲ್ಲಿ ಹಾಲುಕ್ಕಿಸುವ ಮುಂಚೆಯೇ ಟ್ಯಾಂಕು ನಿಲ್ಲಲಿ!

ಅಷ್ಟಕ್ಕೆ ಮುಗಿಯಿತೇ? ಅಸಲಿ ಮಜಾ ಈಗ! ನಿಮ್ಮ ಟ್ಯಾಂಕಿನಲ್ಲಿ ನೀವು ತಂದ ಜೀವಿಗಳಷ್ಟೇ ಇವೆ ಅಂದುಕೊಂಡಿರಾ?

ಇಂಗ್ಲೆಂಡಿನ ನ್ಯೂಕ್ವೇ ಊರಿನ ಬ್ಲೂ ರೀಫ್ ಅಕ್ವೇರಿಯಂ, 2009. ಹವಳಗಳು ತುಂಡಾಗುತ್ತಿದ್ದವು. ಯಾರ ಕೆಲಸ? ಯಾರೂ ಕಾಣರು! ಬೋನು ಇಟ್ಟರು, ಪ್ರಯೋಜನವಿಲ್ಲ. ಕೊನೆಗೆ ಕಲ್ಲುಗಳನ್ನು ಒಂದೊಂದಾಗಿ ಬಿಚ್ಚಿದರು. ಸಿಕ್ಕಿದ್ದು ಹುಳು. ಎಷ್ಟುದ್ದದ್ದು? ನಾಲ್ಕು ಅಡಿ! ದವಡೆಯಿರುವ ಬಾಬಿಟ್ ಹುಳು! ಅದಕ್ಕೆ ಬ್ಯಾರಿ ಅಂತ ಹೆಸರು ಬೇರೆ!

ನಿಮ್ಮಲ್ಲಿ ಅಷ್ಟು ದೊಡ್ಡದು ಸಿಗಲಾರದು. ಆದರೆ ರಾತ್ರಿ ಟ್ಯಾಂಕಿನೊಳಗೆ ಟಕ್ ಟಕ್ ಸದ್ದು ಕೇಳಿದ್ದೀರಾ? ಅದು ಪಿಸ್ತೂಲು ಸೀಗಡಿ ಇರಬಹುದು. ಕೊಂಡಿಯ ಎರಡು ಭಾಗ ಒಂದಕ್ಕೊಂದು ಬಡಿದು ಆಗುವ ಸದ್ದಲ್ಲ ಅದು. ಕೊಂಡಿ ಮುಚ್ಚುವ ರಭಸಕ್ಕೆ ಹುಟ್ಟಿದ ಗುಳ್ಳೆ ಒಡೆದದ್ದು! ಒಡೆಯುವ ಕ್ಷಣ ಗುಳ್ಳೆಯೊಳಗೆ ಬಿಸಿ ಎಷ್ಟು? 2001ರಲ್ಲಿ ವಿಜ್ಞಾನಿಗಳು ಹೇಳಿದ ಅಂದಾಜು, ಕಡಿಮೆಯೆಂದರೂ 5000 ಕೆಲ್ವಿನ್! ಸೂರ್ಯನ ಮೇಲ್ಮೈಯೇ 5800ರ ಆಸುಪಾಸು! ಬರಿಗಣ್ಣಿಗೆ ಕಾಣದ ಒಂದು ಮಿಂಚು ಕೂಡ ಹೊಳೆಯುತ್ತದೆ.

ಇಂಥವನು ಬೆರಳುದ್ದವೂ ಇರುವುದಿಲ್ಲ. ಕಲ್ಲೆತ್ತುವಾಗ ಜಾರಿ ತಳಕ್ಕೆ ಬಿದ್ದಿರುತ್ತಾನೆ. ಅದಕ್ಕೇ ಹೇಳುತ್ತಿದ್ದೇನೆ, ಟಾರ್ಚು ಹಾಕಿ ತಳ ನೋಡದೆ ಕಲ್ಲಿದ್ದ ಬಕೆಟ್ಟಿನ ನೀರು ಚೆಲ್ಲಬೇಡಿ!