ಧನುರ್ವಾಯು ಬರುವುದು ತುಕ್ಕಿನಿಂದಲೇ?



ಕಾಲಿಗೆ ಮೊಳೆ ಚುಚ್ಚಿತು ಅಂದರೆ ನಮ್ಮೂರಲ್ಲಿ ಎಲ್ಲರೂ ಮೊದಲು ಕೇಳುವುದು ‘ತುಕ್ಕು ಹಿಡಿದಿತ್ತಾ?’ ಎಂದು. ತುಕ್ಕು ಹಿಡಿದಿದ್ದರೆ ಇಂಜೆಕ್ಷನ್. ಹೊಸ ಮೊಳೆಯಾದರೆ ‘ಏನಾಗಲ್ಲ ಹೋಗು’ ಅಂತಾರೆ. ಆದರೆ ಧನುರ್ವಾಯು ತುಕ್ಕಿನಿಂದ ಬರುವ ರೋಗವಲ್ಲ. ಅದು ಹೇಗೆ ಬರುತ್ತದೆ ಎಂದು ನಾನು ತಿಳಿದುಕೊಂಡಿದ್ದನ್ನು ಇಲ್ಲಿ ಬರೆದಿದ್ದೇನೆ.

ರೋಗಾಣು ಎಲ್ಲಿರುತ್ತದೆ?

ಈ ರೋಗಕ್ಕೆ ಕಾರಣ ಕ್ಲಾಸ್ಟ್ರಿಡಿಯಂ ಟೆಟನಿ ಎಂಬ ಬ್ಯಾಕ್ಟೀರಿಯ. ಇದು ಮಣ್ಣಿನಲ್ಲಿ, ಧೂಳಿನಲ್ಲಿ, ದನ, ಕುದುರೆ, ಕುರಿಗಳ ಸಗಣಿ ಹಿಕ್ಕೆಗಳಲ್ಲಿ ಇರುತ್ತದೆ. ಅಂದರೆ ನಮ್ಮ ಹೊಲ, ಕೊಟ್ಟಿಗೆ, ತಿಪ್ಪೆ, ಆಟದ ಬಯಲು ಎಲ್ಲ ಕಡೆಯೂ ಇರಬಹುದು. ಆಮ್ಲಜನಕ ಇರುವ ಕಡೆ ಇದು ಬೆಳೆಯುವುದಿಲ್ಲ. ಗಟ್ಟಿ ಕವಚದ ಬೀಜಕವಾಗಿ ಸುಮ್ಮನೆ ಬಿದ್ದಿರುತ್ತದೆ. ರಾಗಿ ಕಾಳು ಮಳೆಗೆ ಕಾಯುವ ಹಾಗೆ ವರ್ಷಗಟ್ಟಲೆ ಕಾಯುತ್ತದೆ. ಒಣಗಿದರೂ ಸಾಯಲ್ಲ, ನೀರಲ್ಲಿ ಸ್ವಲ್ಪ ಹೊತ್ತು ಕುದಿಸಿದರೂ ಸಾಯಲ್ಲ. ಆಸ್ಪತ್ರೆಯಲ್ಲಿ ಕತ್ತರಿ ಮುಂತಾದವನ್ನು ದೊಡ್ಡ ಕುಕ್ಕರಿನಂಥ ಪಾತ್ರೆಯಲ್ಲಿ 121 ಡಿಗ್ರಿ ಹಬೆಯಲ್ಲಿ ಇಡುವುದು ಇಂಥ ಬೀಜಕಗಳನ್ನು ಕೊಲ್ಲಲಿಕ್ಕೇ.

ಮುಳ್ಳು, ಮೊಳೆ, ಜೋಳದ ಕೂಳೆ ಚುಚ್ಚಿದಾಗ ಮಣ್ಣಿನ ಜೊತೆ ಬೀಜಕವೂ ಒಳಗೆ ಹೋಗುತ್ತದೆ. ಇಂಥ ಗಾಯದ ಬಾಯಿ ಚಿಕ್ಕದು, ಆಳ ಜಾಸ್ತಿ. ಒಳಗೆ ಗಾಳಿ ಆಡುವುದಿಲ್ಲ. ಆಗ ಬೀಜಕ ಮೊಳಕೆ ಒಡೆಯುತ್ತದೆ. ಮೊಳೆ ಹೊಸದಾಗಿದ್ದರೂ ಮಣ್ಣು ಮೆತ್ತಿದ್ದರೆ ಸಾಕು.

ವಿಷ ಮಾಡುವ ಕೆಲಸ

ರೋಗಾಣು ಗಾಯದಲ್ಲೇ ಕೂತಿರುತ್ತದೆ. ಮೈಯೊಳಗೆ ಸುತ್ತುವುದು ಅದು ತಯಾರಿಸುವ ವಿಷ. ಇದರ ಹೆಸರು ಟೆಟನೋಸ್ಪಾಸ್ಮಿನ್. ಈ ವಿಷ ನರಗಳ ಒಳಗೆ ಸೇರಿ, ನರದ ದಾರಿಯಲ್ಲೇ ಮಿದುಳುಬಳ್ಳಿಗೆ ಹೋಗುತ್ತದೆ.

ಈಗ ನಿಮ್ಮ ಮೊಣಕೈ ಮಡಚಿ, ಇನ್ನೊಂದು ಕೈಯಿಂದ ತೋಳನ್ನು ಮುಟ್ಟಿ ನೋಡಿ. ಮುಂದಿನ ಸ್ನಾಯು ಗಟ್ಟಿಯಾಗಿದೆ, ಹಿಂದಿನದು ಮೆತ್ತಗಿದೆ. ಒಂದು ಬಿಗಿಯಾದಾಗ ಇನ್ನೊಂದು ಸಡಿಲವಾಗಲೇಬೇಕು. ಅದಕ್ಕಾಗಿ ಮಿದುಳುಬಳ್ಳಿಯಲ್ಲಿ ಕೆಲವು ನರಕೋಶಗಳು ‘ಸಾಕು, ನಿಲ್ಲಿಸು’ ಎಂಬ ಸಂದೇಶ ಕೊಡುತ್ತವೆ. ಈ ವಿಷ ಆ ಸಂದೇಶವನ್ನೇ ತಡೆದುಬಿಡುತ್ತದೆ. ಬ್ರೇಕ್ ಇಲ್ಲದ ಸೈಕಲ್ ಇಳಿಜಾರಿಗೆ ಬಿದ್ದಂತೆ ಆಗುತ್ತದೆ. ಸ್ನಾಯುಗಳೆಲ್ಲ ಒಟ್ಟಿಗೆ ಸೆಟೆದುಕೊಳ್ಳುತ್ತವೆ.

ಸಾಮಾನ್ಯವಾಗಿ ಗಾಯವಾದ 3ರಿಂದ 21 ದಿನಗಳ ಒಳಗೆ ರೋಗ ಕಾಣಿಸುತ್ತದೆ. ಅಷ್ಟರಲ್ಲಿ ಗಾಯ ಮಾಯ್ದಿರಲೂಬಹುದು. ಹೆಚ್ಚಾಗಿ ಮೊದಲು ದವಡೆ ಕಚ್ಚಿಕೊಳ್ಳುತ್ತದೆ. ಬಾಯಿ ತೆರೆಯಲು ಆಗುವುದಿಲ್ಲ. ಆಮೇಲೆ ಕತ್ತು, ಹೊಟ್ಟೆ, ಬೆನ್ನು ಬಿಗಿಯುತ್ತವೆ. ಬೆನ್ನು ಬಿಲ್ಲಿನಂತೆ ಬಾಗುತ್ತದೆ. ಧನುಸ್ಸು ಎಂದರೆ ಬಿಲ್ಲು, ಅದಕ್ಕೇ ಧನುರ್ವಾಯು ಎಂಬ ಹೆಸರು. ಬಾಗಿಲು ಧಡ್ ಎಂದರೂ ಮತ್ತೆ ಸೆಳೆತ ಬರುತ್ತದೆ. ಪಾಪ, ರೋಗಿಗೆ ಪ್ರಜ್ಞೆ ಇರುತ್ತದೆ, ನೋವೆಲ್ಲ ಗೊತ್ತಾಗುತ್ತದೆ. ಉಸಿರಾಟದ ಸ್ನಾಯುಗಳು ಹಿಡಿದುಕೊಂಡರೆ ಪ್ರಾಣವೇ ಹೋಗುತ್ತದೆ.

ಒಂದು ಗ್ರಾಂ ವಿಷವನ್ನು ಒಂದು ಕೋಟಿ ಪಾಲು ಮಾಡಿದರೆ, 40 ಕಿಲೋ ತೂಕದ ಒಬ್ಬರನ್ನು ಕೊಲ್ಲಲು ಸುಮಾರು ಒಂದು ಪಾಲು ಸಾಕು ಎಂದು ವಿಜ್ಞಾನಿಗಳ ಅಂದಾಜು. ಒಮ್ಮೆ ನರಕ್ಕೆ ಅಂಟಿದ ವಿಷವನ್ನು ಯಾವ ಔಷಧಿಯೂ ಬಿಡಿಸಲಾರದು. ಆಸ್ಪತ್ರೆಯಲ್ಲಿ ವಾರಗಟ್ಟಲೆ ಇರಬೇಕು.

ಕಂಡುಹಿಡಿದವರು

ಜಪಾನಿನ ಕಿಟಾಸಾಟೊ ಎಂಬ ವಿಜ್ಞಾನಿ 1889ರಲ್ಲಿ ಜರ್ಮನಿಯ ಬರ್ಲಿನ್‌ನಲ್ಲಿ ಈ ರೋಗಾಣುವನ್ನು ಬೇರೆ ಮಾಡಿ ಬೆಳೆಸಿದರು. ಅವರು ಮಾಡಿದ ಉಪಾಯ ಚೆನ್ನಾಗಿದೆ. ಎಲ್ಲ ರೋಗಾಣುಗಳೂ ಬೆರೆತಿದ್ದುದನ್ನು 80 ಡಿಗ್ರಿಗೆ ಕಾಯಿಸಿದರು. ಬೇರೆಯವು ಸತ್ತವು, ಇದರ ಬೀಜಕ ಉಳಿಯಿತು! 1890ರಲ್ಲಿ ಅವರು ಮತ್ತು ಬೇರಿಂಗ್ ಎಂಬುವರು ಮೊಲಕ್ಕೆ ವಿಷವನ್ನು ಸ್ವಲ್ಪ ಸ್ವಲ್ಪ ಕೊಟ್ಟು ಅಭ್ಯಾಸ ಮಾಡಿಸಿದರು. ಆ ಮೊಲದ ರಕ್ತದ ತಿಳಿಯನ್ನು ಇಲಿಗಳಿಗೆ ಕೊಟ್ಟಾಗ ಇಲಿಗಳು ವಿಷದಿಂದ ಉಳಿದವು. ಈಗಿನ ಲಸಿಕೆಯಲ್ಲಿ ಇರುವುದು ಫಾರ್ಮಲಿನ್‌ನಿಂದ ಕೆಡುಕು ತೆಗೆದ ಅದೇ ವಿಷ. ಅದನ್ನು ನೋಡಿ ನಮ್ಮ ದೇಹ ಎದುರಿಸುವುದನ್ನು ಕಲಿಯುತ್ತದೆ.

ಅಜ್ಜಿ ಹೇಳಿದ್ದು

ನಮ್ಮ ಅಜ್ಜಿಯ ಅಕ್ಕನ ಮೊದಲ ಮಗು ಐದು ದಿನ ಚೆನ್ನಾಗಿ ಹಾಲು ಕುಡಿಯಿತಂತೆ. ಆರನೇ ದಿನ ಬಾಯಿ ಕಚ್ಚಿಕೊಂಡಿತು. ಎಂಟನೇ ದಿನ ಹೋಯಿತು. ‘ಗಾಳಿ ಸೋಕ್ತು ಅಂದ್ಕೊಂಡ್ವಿ ಕಣೋ’ ಅಂದರು ಅಜ್ಜಿ. ಹೊಕ್ಕುಳಬಳ್ಳಿ ಕುಯ್ದದ್ದು ಕುಡುಗೋಲಿನಲ್ಲಿ, ಮೇಲೆ ಮೆತ್ತಿದ್ದು ಸಗಣಿ. ಆಗ ಅವರಿಗೆ ಯಾರೂ ಹೇಳಿರಲಿಲ್ಲ.

ನಮ್ಮ ಅಕ್ಕ ಈಗ ಹೆರಿಗೆಗೆ ಬಂದಿದ್ದಾಳೆ. ಎರಡು ಇಂಜೆಕ್ಷನ್ ಹಾಕಿಸಿಕೊಂಡಿದ್ದಾಳೆ. ತಾಯಿಯ ರಕ್ಷಣೆ ಹೊಟ್ಟೆಯೊಳಗಿನ ಮಗುವಿಗೂ ಹೋಗುತ್ತದೆ. ಹೀಗೆ ಮಾಡಿದ್ದರಿಂದ, ಆಸ್ಪತ್ರೆ ಹೆರಿಗೆ ಹೆಚ್ಚಿದ್ದರಿಂದ ಬಾಣಂತಿ ಮತ್ತು ಹಸುಗೂಸುಗಳ ಧನುರ್ವಾಯುವನ್ನು ಭಾರತ ಹತೋಟಿಗೆ ತಂದಿದೆ ಎಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಆದರೆ ಸಿಡುಬಿನ ಹಾಗೆ ಇದನ್ನು ಪೂರ್ತಿ ಓಡಿಸಲು ಆಗುವುದಿಲ್ಲ. ರೋಗಾಣು ಮಣ್ಣಿನಲ್ಲೇ ಇದೆಯಲ್ಲ!

ನಾವು ಮಾಡಬೇಕಾದ್ದು

1. ಗಾಯವನ್ನು ತಕ್ಷಣ ಸೋಪು ಹಾಕಿ, ಸುರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು.
2. ಸಗಣಿ, ಮಣ್ಣು, ಸುಣ್ಣ, ಕಾಫಿಪುಡಿ ಮೆತ್ತಬಾರದು.
3. ಆಳದ ಗಾಯ, ಕೊಳೆ ಸೇರಿದ ಗಾಯ ಆದರೆ ಅವತ್ತೇ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಹಿಂದೆ ಯಾವಾಗ ಲಸಿಕೆ ಆಗಿತ್ತು ಎಂದು ಹೇಳಬೇಕು.
4. ಮಕ್ಕಳಿಗೆ 6, 10, 14ನೇ ವಾರ, ಒಂದೂವರೆ ವರ್ಷದ ಸುಮಾರಿಗೆ, 5-6 ವರ್ಷಕ್ಕೆ ಲಸಿಕೆ ಉಂಟು. ಆಮೇಲೆ 10 ಮತ್ತು 16 ವರ್ಷಕ್ಕೆ ಟಿ.ಡಿ. ಲಸಿಕೆ. ಇದು ಗಂಟಲಮಾರಿಯನ್ನೂ ತಡೆಯುತ್ತದೆ. ಎಲ್ಲವೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಒಮ್ಮೆ ಧನುರ್ವಾಯು ಬಂದು ಉಳಿದವರಿಗೂ ಲಸಿಕೆ ಬೇಕೇ ಬೇಕು. ವಿಷದ ಪ್ರಮಾಣ ಅಷ್ಟು ಕಡಿಮೆ ಇರುವುದರಿಂದ ದೇಹ ಅದನ್ನು ಎದುರಿಸಲು ಕಲಿತಿರುವುದಿಲ್ಲ.

ಗೆಳೆಯರೇ, ನಮ್ಮಲ್ಲಿ 10 ವರ್ಷದ ಇಂಜೆಕ್ಷನ್ ದಿನ ಹೆದರಿ ಶಾಲೆಗೆ ಬಾರದೇ ಇದ್ದವರು ಇದ್ದರೆ ಮೇಷ್ಟ್ರಿಗೆ ಹೇಳಿ. ಸುಗ್ಗಿ ಹತ್ತಿರ ಬಂತು, ಎಲ್ಲರೂ ಬರಿಗಾಲಲ್ಲಿ ಹೊಲಕ್ಕೆ ಇಳಿಯುತ್ತೇವೆ. ಅದಕ್ಕೆ ಮುಂಚೆಯೇ ಹಾಕಿಸಿಕೊಳ್ಳಿ. ಸೂಜಿ ಒಂದು ಇರುವೆ ಕಚ್ಚಿದಷ್ಟೇ ನೋವು.



ಇಂತಿ,
7ನೇ ತರಗತಿ ವಿದ್ಯಾರ್ಥಿ