ಸಾಂಕ್ರಾಮಿಕದ ಕಾಲದಲ್ಲಿ ಖಿನ್ನತೆ ಮತ್ತು ಆತಂಕ

ಖಿನ್ನತೆ ಮತ್ತು ಆತಂಕ ಇವು ಬರ, ನೆರೆ, ಯುದ್ಧ, ಸಾಂಕ್ರಾಮಿಕ ರೋಗಗಳಂತಹ ಸಂಕಷ್ಟದ ಕಾಲದಲ್ಲಿ ಹೆಚ್ಚಾಗಿ ಕಂಡುಬರುವ ಮಾನಸಿಕ ತೊಂದರೆಗಳು. ಇದಕ್ಕೆ ಇತ್ತೀಚಿನ ನಿದರ್ಶನ ಕೋವಿಡ್-೧೯. ವಿಶ್ವ ಆರೋಗ್ಯ ಸಂಸ್ಥೆಯು ೨೦೨೨ರ ಮಾರ್ಚ್‌ನಲ್ಲಿ ಪ್ರಕಟಿಸಿದ ವರದಿಯಂತೆ, ಸಾಂಕ್ರಾಮಿಕದ ಮೊದಲ ವರ್ಷದಲ್ಲಿ ಜಗತ್ತಿನಾದ್ಯಂತ ಇವೆರಡರ ಪ್ರಮಾಣ ಶೇಕಡಾ ೨೫ರಷ್ಟು ಏರಿತು. ಮಹಿಳೆಯರು ಮತ್ತು ಯುವಜನರು ಹೆಚ್ಚು ಬಾಧಿತರಾದರು.

ಕಾರಣಗಳು

ಭಾರತದಲ್ಲಿ ೨೦೨೦ರ ಮಾರ್ಚ್ ೨೫ರಿಂದ ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದಿತು. ದುಡಿಮೆ ನಿಂತುದು, ಶಾಲಾ ಕಾಲೇಜುಗಳು ಮುಚ್ಚಿದುದು, ಸೋಂಕಿನ ಭಯ ಹಾಗೂ ಬಂಧುಗಳ ಅಗಲಿಕೆ ಜನರ ಮನಸ್ಸನ್ನು ಕುಗ್ಗಿಸಿದವು. ಅಂತ್ಯಕ್ರಿಯೆಗೂ ಹೆಚ್ಚು ಜನ ಸೇರುವಂತಿರಲಿಲ್ಲ. ಹತ್ತು ಜನರೊಡನೆ ಅತ್ತು ಹಗುರಾಗುವ ಅವಕಾಶ ತಪ್ಪಿದುದರಿಂದ ಅನೇಕರ ಶೋಕ ಒಳಗೇ ಉಳಿಯಿತು.

ಲಕ್ಷಣಗಳು

ಆತಂಕವು ಮುಂದೇನಾಗುವುದೋ ಎಂಬ ಬಿಡದ ಭಯ. ಎದೆಬಡಿತ ಹೆಚ್ಚುವುದು, ಬೆವರು, ನಡುಕ, ನಿದ್ರಾಹೀನತೆ ಇದರ ಚಿಹ್ನೆಗಳು. ಖಿನ್ನತೆಯಲ್ಲಿ ಬೇಸರ, ಹಿಂದೆ ಪ್ರಿಯವಾಗಿದ್ದ ಕೆಲಸಗಳಲ್ಲಿ ನಿರಾಸಕ್ತಿ, ಆಯಾಸ, ಹಸಿವು ಮತ್ತು ನಿದ್ರೆಯಲ್ಲಿ ಏರುಪೇರು, ತಾನು ನಿಷ್ಪ್ರಯೋಜಕ ಎಂಬ ಭಾವನೆ ಕಾಣಿಸುತ್ತವೆ. ಕಷ್ಟ ಬಂದಾಗ ದುಃಖಪಡುವುದು ಸಹಜ, ಅದು ರೋಗವಲ್ಲ. ಆದರೆ ಇಂತಹ ಹಲವು ಲಕ್ಷಣಗಳು ದಿನದ ಬಹುಭಾಗ, ಎರಡು ವಾರಗಳಿಗೂ ಮೀರಿ ಉಳಿದು ನಿತ್ಯಜೀವನಕ್ಕೆ ಅಡ್ಡಿಯಾದರೆ ವೈದ್ಯರನ್ನು ಕಾಣುವುದು ಅಗತ್ಯ.

ನಿಭಾಯಿಸುವ ಕ್ರಮಗಳು

* ಏಳುವ, ಉಣ್ಣುವ, ಮಲಗುವ ವೇಳೆಯನ್ನು ನಿಗದಿಪಡಿಸಿಕೊಳ್ಳುವುದು.
* ಉತ್ಸಾಹ ಬರಲೆಂದು ಕಾಯದೆ ಸಣ್ಣ ಕೆಲಸವೊಂದನ್ನು ಆರಂಭಿಸುವುದು. ಖಿನ್ನತೆಯಲ್ಲಿ ಉತ್ಸಾಹವು ಹೆಚ್ಚಾಗಿ ಕೆಲಸದ ಹಿಂದೆ ಬರುತ್ತದೆ, ಮುಂದೆ ಅಲ್ಲ.
* ನಡಿಗೆ ಅಥವಾ ವ್ಯಾಯಾಮ ಮಾಡುವುದು.
* ಸುದ್ದಿ ನೋಡುವುದನ್ನು ದಿನಕ್ಕೆ ಒಂದೆರಡು ಬಾರಿಗೆ ಮಿತಗೊಳಿಸುವುದು.
* ನಂಬಿಕೆಯ ಒಬ್ಬರೊಡನೆಯಾದರೂ ಮನಬಿಚ್ಚಿ ಮಾತನಾಡುವುದು.
* ಮದ್ಯಪಾನದಿಂದ ದೂರವಿರುವುದು. ಅದು ಕ್ಷಣಕಾಲ ಮರೆವು ತಂದರೂ ನಿದ್ರೆಯನ್ನು ಕೆಡಿಸಿ ಖಿನ್ನತೆಯನ್ನು ಹೆಚ್ಚಿಸುತ್ತದೆ.

"ಧೈರ್ಯ ತಂದುಕೋ" ಎಂಬ ಬರಿಯ ಉಪದೇಶದಿಂದ ರೋಗಿಗೆ ಪ್ರಯೋಜನವಾಗುವುದು ಕಡಿಮೆ. ತಾಳ್ಮೆಯಿಂದ ಕೇಳಿಸಿಕೊಳ್ಳುವುದೂ ಚಿಕಿತ್ಸೆಗೆ ಜೊತೆಯಾಗಿ ಹೋಗುವುದೂ ಮನೆಯವರು ಮಾಡಬಹುದಾದ ದೊಡ್ಡ ಸಹಾಯ.

ಚಿಕಿತ್ಸೆ ಮತ್ತು ನೆರವು

ಆಪ್ತಸಮಾಲೋಚನೆ, ಮನೋಚಿಕಿತ್ಸೆ ಮತ್ತು ಔಷಧಿಗಳಿಂದ ಬಹುತೇಕರು ಚೇತರಿಸಿಕೊಳ್ಳುತ್ತಾರೆ. ಔಷಧಿಯ ಪರಿಣಾಮ ತಿಳಿಯಲು ಕೆಲವು ವಾರಗಳು ಬೇಕು. ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಬಾರದು. ಸರ್ಕಾರಿ ವ್ಯವಸ್ಥೆಯಲ್ಲಿ ಮಾನಸಿಕ ಆರೋಗ್ಯ ಸೇವೆ ಪಡೆಯುವುದನ್ನು ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಪ್ರತಿಯೊಬ್ಬರ ಹಕ್ಕೆಂದು ಮಾನ್ಯಮಾಡಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯನ್ನು ಕೇಂದ್ರವಾಗಿಟ್ಟುಕೊಂಡು ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ 'ಟೆಲಿ ಮಾನಸ್' ಸಹಾಯವಾಣಿ (೧೪೪೧೬) ದಿನದ ೨೪ ಗಂಟೆಯೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು. ಸಾಯುವ ಮಾತನ್ನಾಡುವವರನ್ನು ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.